ಇಪ್ಪತ್ತೆರಡನೇ ಮಂಚಕ್ಕೆ ಹಾಕಿದ ಇಂಜೆಕ್ಷನ್

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಕಳೆದ ಮಂಗಳವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಇಪ್ಪತ್ತೆರಡನೇ ನಂಬರಿನ ಮಂಚಕ್ಕೆ ಇನ್ಸುಲಿನ್ ಚುಚ್ಚಲಾಯಿತು. ಮಂಚಕ್ಕೆ ಸಕ್ಕರೆ ಕಾಯಿಲೆ ಇರುವುದು ನನಗೆ ತಿಳಿದಿರಲಿಲ್ಲ. ಅದರ ಮೇಲೆ ಮಲಗಿದ್ದ ನನ್ನ ಹೆಂಡತಿ ನೀಲಗಂಗಮ್ಮನಿಗಂತೂ ಆ ಕಾಯಿಲೆ ಇಲ್ಲ. ಆಕೆ ಸೇರಿದ್ದು ಟೈಫಾಯ್ಡ್‌ಗೆ.

ಆಕೆಗೆ ಮೊದಲು ಕೊಟ್ಟಿದ್ದ ಇಪ್ಪತ್ತೊಂದನೇ ಮಂಚದ ಮೇಲಿನ ಫ್ಯಾನು ತಿರುಗುತ್ತಿರಲಿಲ್ಲ. ಜ್ವರದಲ್ಲಿ ಬೇಯುತ್ತಿದ್ದವಳನ್ನು ನೋಡಲಾರದೆ ಪಕ್ಕದ ಮಂಚದ ಮಾರಮ್ಮ, ಬೊಮ್ಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವಾಕೆ, "ಇಲ್ಲಿ ಕಿಟಕಿ ಐತೆ, ನೀವ್ ಬಂದು ಮಲ್ಕಳಿ ಅಕ್ಕ" ಎಂದು ಜಾಗ ಬಿಟ್ಟುಕೊಟ್ಟಳು. ವಾರ್ಡಿನ ಆಯಾಳ ಎದುರಿಗೇ ಅದಲುಬದಲಾಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ನರ್ಸ್ ಬಂದರು, ನಂಬರು ನೋಡಿದರು, ಚುಚ್ಚಿದರು, ಹೊರಟರು. "ಇದ್ಯಾವ ಇಂಜೆಕ್ಷನ್ ಸಿಸ್ಟರ್?" ಎಂದು ಇವಳು ಕೇಳಿದ್ದಕ್ಕೆ ಸಿಕ್ಕ ಉತ್ತರ: "ದಿನಾ ಹಾಕೋದೇ." ಹೆಸರು ಕೇಳಲು ಎಷ್ಟು ಹೊತ್ತು ಬೇಕು ಸ್ವಾಮಿ? ಸಹಸ್ರನಾಮ ಹೇಳಿಸಿ ಅಂದೆವೇ?

ಎಂಟು ಗಂಟೆಗೆ ನಾನು ಗಂಜಿ ತೆಗೆದುಕೊಂಡು ಹೋದಾಗ ಅವಳ ಸೀರೆ ಬೆವರಿನಲ್ಲಿ ತೊಯ್ದಿತ್ತು, ಕೈ ನಡುಗುತ್ತಿತ್ತು. ನನ್ನನ್ನು ದಿಟ್ಟಿಸಿ, "ಯಾರು ನೀವು?" ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಈ ಪ್ರಶ್ನೆ ಏಳುವುದು ಸಹಜವೇ. ಆದರೆ ಆಗ ನನ್ನ ಎದೆ ಒಡೆದುಹೋಯಿತು. ಓಡಿ ಹೋಗಿ ನಿಮ್ಮ ಸಿಬ್ಬಂದಿಯನ್ನು ಕರೆದರೆ, "ಜ್ವರ ಬಿಡ್ತಾ ಇದೆ ಸಾರ್, ಬೆವರು ಒಳ್ಳೇದೇ" ಎಂದು ಕೂತಲ್ಲಿಂದಲೇ ಅಭಯಹಸ್ತ ತೋರಿಸಿದರು.

ಎದ್ದು ಬಂದವಳು ಮಾರಮ್ಮ. "ಜ್ವರ ಅಲ್ಲ ಸೋಮಿ, ಸಕ್ಕರೆ ಇಳಿದೈತೆ. ಸೂಜಿ ಜಾಸ್ತಿ ಆದ್ರೆ ನಂಗೂ ಹಿಂಗೇ ಆಯ್ತದೆ. ಇವತ್ತು ನಂಗೆ ಹಾಕ್ಲೇ ಇಲ್ಲ, ಈಯಮ್ಮಂಗೆ ಹಾಕ್ಬುಟ್ಟವ್ರೆ!" ದಿಂಬಿನಡಿಯಿಂದ ಬೆಲ್ಲದ ಚೂರು ತೆಗೆದು, ಲೋಟದ ನೀರಿನಲ್ಲಿ ಕದಡಿ, ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಕಾಲು ಗಂಟೆಯ ಮೇಲೆ ನೀಲಗಂಗಮ್ಮ ಕಣ್ಣು ಬಿಟ್ಟು, "ಏನ್ರೀ, ಗಡ್ಡ ಕೂಡ ಹೆರ್ಕೊಳ್ದೆ ಬಂದಿದ್ದೀರಾ?" ಅಂದಳು. ಅಷ್ಟು ಮಧುರವಾದ ಬೈಗುಳ ನಾನು ಕೇಳಿಲ್ಲ. ನಿಮ್ಮ ಡಾಕ್ಟರು ಆಮೇಲೆ ಬಂದು ಗ್ಲೂಕೋಸ್ ಬಾಟಲಿ ಏರಿಸಿದರು.

ನಂತರ ತಾವು ವಿಚಾರಣೆ ನಡೆಸಿದಿರಿ. ಮಂಚ ಬದಲಾಯಿಸಿದ್ದು ರೋಗಿಗಳ ತಪ್ಪಂತೆ. ತಿರುಗದ ಫ್ಯಾನು ನಿರಪರಾಧಿ. ಹೊರಗಿನ ತಿನಿಸು ಇಟ್ಟುಕೊಂಡದ್ದು ನಿಯಮಬಾಹಿರವೆಂದು ಮಾರಮ್ಮನ ಉಳಿದ ಬೆಲ್ಲವನ್ನು ಜಪ್ತಿ ಮಾಡಿದಿರಿ. ಆಕೆಗೆ ಇಂಜೆಕ್ಷನ್ ಆಗಿದೆಯೆಂದು ರಿಜಿಸ್ಟರಿನಲ್ಲಿ ಬರೆದಿದ್ದರಿಂದ ಆ ದಿನವಿಡೀ ಔಷಧಿ ಕೊಡಲಿಲ್ಲ. ಜೀವ ಉಳಿಸಿದವಳಿಗೆ ಇದೇ ಬಹುಮಾನವೇ?

ಇನ್ನು ನರ್ಸ್ ಚೂಡಾಮಣಿಯವರು. ಅವರು ನನ್ನೆದುರು ನಿಂತು ಅತ್ತರು. "ಅರವತ್ತು ಮಂಚಕ್ಕೆ ನಾನೊಬ್ಬಳೇ ಸಾರ್, ಹಿಂದಿನ ದಿನದಿಂದ ಮನೆಗೇ ಹೋಗಿರ್ಲಿಲ್ಲ. ಆದ್ರೂ ಹೆಸರು ಕೇಳ್ಬೇಕಿತ್ತು, ತಪ್ಪು ನಂದೇ" ಅಂದರು. ನಿಮ್ಮ ಇಡೀ ಆಸ್ಪತ್ರೆಯಲ್ಲಿ ತಪ್ಪು ಒಪ್ಪಿಕೊಂಡವರು ಅವರೊಬ್ಬರೇ. ಅವರನ್ನೇ ಹುಡುಕಿ ಸಸ್ಪೆಂಡ್ ಮಾಡಿದ್ದೀರಿ. ಅರವತ್ತು ಮಂಚಕ್ಕೆ ಒಬ್ಬರನ್ನು ಹಾಕಿದವರು ಯಾರು? ಅವರಿಗೆ ಯಾರು ನೋಟೀಸು ಕೊಡುತ್ತಾರೆ?

ನಾನು ಇಪ್ಪತ್ತಾರು ವರ್ಷ ಅಂಚೆ ವಿಂಗಡಿಸಿದವನು. ಮನೆ ನಂಬರು ಸರಿಯಿದ್ದರೂ ಹೆಸರು ಬೇರೆಯಿದ್ದರೆ ನಮ್ಮ ಪೋಸ್ಟ್‌ಮನ್ ಬಾಗಿಲು ತಟ್ಟಿ ಕೇಳುತ್ತಾನೆ. ಒಂದು ಕಾರ್ಡಿಗೆ ಇರುವ ಮರ್ಯಾದೆ ಒಂದು ದೇಹಕ್ಕೆ ಬೇಡವೇ?

ಆದ್ದರಿಂದ ಕೇಳುತ್ತೇನೆ: ಸೂಜಿ ಹಿಡಿಯುವ ಮೊದಲು ರೋಗಿಯ ಬಾಯಿಂದ ಹೆಸರು ಹೇಳಿಸಬೇಕೆಂದು ಇಂದೇ ಆಜ್ಞೆ ಹೊರಡಿಸಿ. ವಾರ್ಡಿಗೆ ಇನ್ನಷ್ಟು ನರ್ಸುಗಳನ್ನು ಹಾಕಿ, ಚೂಡಾಮಣಿಯವರನ್ನು ವಾಪಸ್ ಕರೆಸಿ. ಮಾರಮ್ಮನ ಮಂಚದ ಬಳಿ ಹೋಗಿ ಕ್ಷಮೆ ಕೇಳಿ. ನನ್ನ ಹೆಂಡತಿಯನ್ನು ನಾನು ಮನೆಗೆ ಕರೆತಂದಿದ್ದೇನೆ. ಮಾರಮ್ಮ ಇನ್ನೂ ನಿಮ್ಮಲ್ಲೇ ಇದ್ದಾಳೆ. ನಾಳೆ ಬೆಳಿಗ್ಗೆ ಏಳಕ್ಕೆ ಆಕೆಗೆ ಸೂಜಿ ಇದೆ. ಅಷ್ಟರೊಳಗೆ ಓದಿ.

ಇಂತಿ,
ಕೂದಲೆಳೆಯಲ್ಲಿ ವಿಧುರನಾಗದೆ ಉಳಿದ
ಪರಮಶಿವಯ್ಯ
ಹನುಮಂತನಗರ, ಜೂನ್ ೧೯೮೧