ಹರಿಯುವ ಮುಂಚಿನ ಎಳೆತ

ಜೂನ್ ೧೨, ಬುಧವಾರ

ನಾನು ಅಭ್ಯಾಸಕ್ಕೆ ಹೊಲಿದ ಪುಸ್ತಕ ಇಂದು ಬೆಳಿಗ್ಗೆಯೂ ಸಡಿಲ. ಎಂ.ಎ.ಯಲ್ಲಿ ಮೊದಲು ಬಂದವಳಿಗೆ ಮಾವನ ಬೈಂಡಿಂಗ್ ಅಂಗಡಿಯಲ್ಲಿ ಮೂರು ತಿಂಗಳಾದರೂ ಗಿರಾಕಿಯ ಒಂದು ಪುಸ್ತಕವೂ ಕೈಗೆ ಸಿಕ್ಕಿರಲಿಲ್ಲ.

“ದಾರ ಎಷ್ಟು ಎಳೀಬೇಕು ಮಾವ?” ಟಿಪ್ಪಣಿ ಪುಸ್ತಕ ತೆರೆದೇ ಕೇಳಿದೆ.

“ಹಾಳೆ ಹರಿಯೋಕೆ ಸ್ವಲ್ಪ ಮುಂಚೆ ನಿಲ್ಲಿಸು.”

“ಅದು ಹೇಗೆ ಗೊತ್ತಾಗತ್ತೆ?”

“ಹರಿದ ಮೇಲೆ. ಇಷ್ಟು ದಿನಕ್ಕೆ ಒಂದಾದ್ರೂ ಹರಿದಿದೀಯಾ, ಪಂಡಿತೆ?”

ಇಲ್ಲ. ಹೆದರಿ ಅಷ್ಟು ಎಳೆದೇ ಇರಲಿಲ್ಲ. ಮಾವ ರದ್ದಿ ಹಾಳೆಗಳ ಕಂತೆಯನ್ನು ಮುಂದೆ ತಳ್ಳಿದರು. ಸಂಜೆಯೊಳಗೆ ಒಂಬತ್ತು ಹರಿದೆ. ಹತ್ತನೆಯದರಲ್ಲಿ ಕೈ ತಾನಾಗಿಯೇ ನಿಂತಿತು. ಮಾವ ಅದನ್ನು ಬಗ್ಗಿಸಿ ನೋಡಿ, ಗಿರಾಕಿಯೊಬ್ಬರ ಹಳೆಯ ನಿಘಂಟನ್ನು ನನ್ನ ಮೇಜಿನ ಮೇಲಿಟ್ಟರು.

ಕೈ ಯಾವಾಗ ನಿಂತಿತೆಂದು ಬರೆದಿಡಲು ಕೂತರೆ ಒಂದು ಸಾಲೂ ಬರುತ್ತಿಲ್ಲ. ಬೆರಳ ತುದಿ ಮಾತ್ರ ಉರಿಯುತ್ತಿದೆ. ನಾಳೆ ಟಿಪ್ಪಣಿ ಪುಸ್ತಕ ಮನೆಯಲ್ಲೇ ಇರಲಿ.