ಮೂರು ಹುಣಸೆಬೀಜ

ಶಿರಾ, ೮ ಮೇ ೧೯೩೮, ಭಾನುವಾರ

ಇವತ್ತೂ ರಿಸಲ್ಟ್ ಇಲ್ಲ. ಕಾಲೇಜು ಪರೀಕ್ಷೆಯಲ್ಲಿ ಲಾಜಿಕ್ ಪೇಪರಿನದೇ ಭಯ. ಹಾಸ್ಟೆಲಿನಲ್ಲಾದರೆ ಜೊತೆಗೆ ಹೆದರುವವರಿದ್ದರು… ರಜೆಗೆ ಬಂದ ನನ್ನನ್ನು ನರಸಿಂಹಮ್ಮತ್ತೆ ನೋಡಿ ನೋಡಿ ಬೇಸತ್ತು ಜಗಲಿಗೆ ಅಟ್ಟಿದರು. ಅಲ್ಲಿ ನಾಲ್ವರು ಮುದುಕರು, ಅತ್ತೆ ಮಾರುವ ಬಿತ್ತನೆಬೀಜಕ್ಕೆ ಕಡಲೆಕಾಯಿ ಸುಲಿಯುತ್ತಾರೆ. ಮೆಷಿನ್ನಿಗೆ ಹಾಕಿದರೆ ಬೀಜ ಒಡೆಯುತ್ತದಂತೆ. ಹೊಲದ ಕೆಲಸ ಆಗದವರನ್ನೇ ಅತ್ತೆ ಹುಡುಕಿ ಕರೆಯುವುದು. ದಿನಗೂಲಿ, ಮಧ್ಯಾಹ್ನ ಮುದ್ದೆ, ಆಮೇಲೆ ಒಂದಾಟ ಚೌಕಾಬಾರ. ನನಗೆ ‘ಇಂಗ್ಲಿಷಮ್ಮ’ ಅಂತ ಹೆಸರಿಟ್ಟಾಗಿದೆ.

೧೧ ಮೇ, ಸಂಜೆ

ಸುಲಿಯುವವರಲ್ಲಿ ಒಬ್ಬಳಾದ ಬೊಮ್ಮಕ್ಕಜ್ಜಿಯ ಬಿದಿರು ಪುಟ್ಟಿಯಲ್ಲಿ ಮುಗ್ಗಿದ ಬೀಜ, ಕರಿಬೀಜ. ಅಜ್ಜಿಗೆ ಕಣ್ಣು ಕಾಣುತ್ತಿಲ್ಲ. ಶೂರ್. ಒಳ್ಳೆಯದರಲ್ಲಿ ಕೆಟ್ಟದ್ದು ಬೆರೆತು ಹೋದರೆ ಕೊಂಡವರ ಹೊಲದಲ್ಲಿ ಪೈರು ಹುಟ್ಟುವುದಿಲ್ಲ, ಅಂಥವರನ್ನು ಕೂರಿಸುವುದಿಲ್ಲ — ಅತ್ತೆಯ ರೂಲ್. ಹೋದ ವರ್ಷ ಒಬ್ಬರನ್ನು ಬಿಡಿಸಿದ್ದಾರೆ. ಈ ಅಜ್ಜಿಗೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಇಲ್ಲಿ ಬಾಯಿ ಮುಚ್ಚುವುದೇ ಇಲ್ಲ.

ಎಲ್ಲರೂ ಹೋದ ಮೇಲೆ ನಾನೇ ಆರಿಸಿಟ್ಟೆ. ಅತ್ತೆಗೆ ಹೇಳಿಲ್ಲ. ಅಜ್ಜಿಗೂ.

೧೪ ಮೇ

ಇವತ್ತೂ ಆರಿಸಿದೆ. ಅಭ್ಯಾಸವಾಗಿಬಿಟ್ಟಿದೆ.

೧೭ ಮೇ

ಅಜ್ಜಿಯ ಪುಟ್ಟಿಯಲ್ಲಿ ಮೂರು ಹುಣಸೆಬೀಜ! ಚೌಕಾಬಾರದವು. ಮಡಿಲಿಂದ ಉದುರಿರಬೇಕು. ಇಷ್ಟೂ ಕಾಣುವುದಿಲ್ಲವೇ, ಪಾಪ. ತೆಗೆದು ಕಿಟಕಿಯಾಚೆ ಎಸೆದೆ.

೧೮ ಮೇ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಅಜ್ಜಿ ಬಂದವಳೇ ಅತ್ತೆಯನ್ನು ಕೇಳಿದಳು — ನೆನ್ನೆ ನನ್ನ ಪುಟ್ಟಿಯಲ್ಲಿ ಏನಾದರೂ ಸಿಕ್ಕಿತೇ ಅಂತ. ಏನೂ ಇಲ್ಲ, ಎಲ್ಲರಿಗಿಂತ ನಿನ್ನದೇ ಚೊಕ್ಕ ಅಂದರು ಅತ್ತೆ. ಅಜ್ಜಿ ನನ್ನ ಕಡೆ ತಿರುಗಿದಳು.

“ಮೂರು ಹುಣ್ಸೆಬೀಜ ಹಾಕಿದ್ದೆ ಕಣಮ್ಮ, ನಾನೇ, ಯಾರ್ ಆರ್ಸ್ತಾರೆ ನೋಡಾನ ಅಂತ. ಎಲ್ಲೋದ್ವು?”

ತೆಗೆದು ಎಸೆದದ್ದು ನಾನೇ, ಸಾರಿ ಅಂದೆ. ಅತ್ತೆಯ ಎದುರಿಗೇ.

“ನಿನ್ ಪರೀಕ್ಸೆ ಇನ್ಯಾರೋ ಬರುದ್ರೆ ನೀನು ಪಾಸಾದಂಗಾ?”

ಸೆರಗು ಕೊಡವಿ ಎದ್ದು ಹೋದಳು.

೨೩ ಮೇ

ಐದು ದಿನ. ಅವಳ ಜಾಗದಲ್ಲಿ ಯಾರೂ ಕೂತಿಲ್ಲ. ಚೌಕಾಬಾರ ನಿಂತಿದೆ. ಓಬಳಯ್ಯ — ಬೆರಳು ಸೊಟ್ಟಗಾಗಿ ದಿನಕ್ಕೆ ಅರ್ಧ ಪುಟ್ಟಿಯೂ ಸುಲಿಯಲಾರದ ತಾತ, ಅಜ್ಜಿಯ ಜೊತೆ ದಿನಾ ಜಗಳವಾಡುತ್ತಿದ್ದವರು — ಇವತ್ತು ಬೆಳಗಿನಿಂದ ಒಂದೊಂದೇ ಬೀಜವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕರೆಯೋಣ ಅಂದರೆ ಏನೆಂದು ಕರೆಯುವುದು? ಸುಮ್ಮನೆ ಕೂತಿರು, ಕೂಲಿ ಕೊಡುತ್ತೇವೆ ಅಂದರೆ ಬರುವವಳಲ್ಲ.

೨೫ ಮೇ

ಹೋದೆ. ಅಜ್ಜಿಯ ಮನೆ ಬಾಗಿಲಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನೀವು ಸುಲಿದದ್ದರಲ್ಲಿ ಒಡೆದ ಬೀಜ ಒಂದೂ ಇರಲಿಲ್ಲ ಅಜ್ಜಿ, ಆರಿಸುವುದರಲ್ಲಿ ಮಾತ್ರ ತಪ್ಪುತ್ತಿತ್ತು. ಓಬಳಯ್ಯನವರಿಗೆ ಕಣ್ಣಿದೆ, ಬೆರಳಿಲ್ಲ…

ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಕೈ ನಂದು, ಕಣ್ಣು ಅವಂದು ಅನ್ನು. ಆ ಮುದ್ಕನ ಬಾಯಿ ಯಾರ್ ಮುಚ್ಚೋರು?”

ನಗಲೋ ಬೇಡವೋ ತಿಳಿಯಲಿಲ್ಲ. ಹೊರಟಾಗ ಹಿಂದಿನಿಂದ ಕೂಗಿದಳು: “ನರಸಿಂಹಮ್ಮುಂಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬ್ಯಾಡ.”

೨೭ ಮೇ, ಸಂಜೆ

ಅಜ್ಜಿ ತಾನೇ ಬಂದು, ಕಣ್ಣು ಹೋಗಿದೆ ಅಂತ ತಾನೇ ಹೇಳಿದಳು. ಇನ್ನು ತಾನು ಸುಲಿಯುವುದು, ಓಬಳಯ್ಯ ಆರಿಸುವುದು ಅಂದಾಗ ಅತ್ತೆ ಒಪ್ಪಿದರು, ಕೆಟ್ಟ ಬೀಜ ಸಿಕ್ಕಿದರೆ ಇಬ್ಬರೂ ಮನೆಗೆ ಅಂತಲೂ ಹೇಳಿದರು. ಇಬ್ಬರ ನಡುವೆ ಒಂದೇ ಪುಟ್ಟಿ.

“ಮೆಲ್ಲುಕ್ಕೆ ಸುಲಿ ಕಣಮ್ಮಿ, ಆರ್ಸಾಕ್ ಆಗ್ತಿಲ್ಲ.”

“ಕಣ್ಣಿದ್ದೂ ಇಷ್ಟೇನಾ?”

ಮಧ್ಯಾಹ್ನ ಚೌಕಾಬಾರ. ಅಜ್ಜಿಯ ಕಾಯನ್ನು ಓಬಳಯ್ಯನವರೇ ನಡೆಸಿದರು, ಮೋಸ ಮಾಡಿ ಬೈಸಿಕೊಂಡರು. ರಿಸಲ್ಟ್ ನೆನಪೇ ಆಗಲಿಲ್ಲ, ಈಗ ಬರೆಯುವ ತನಕ.

ಕೆಲಸ ಮುಗಿದ ಮೇಲೆ ಅವರ ಪುಟ್ಟಿಯ ಪಕ್ಕ ಹಾದೆ. ಎಲ್ಲಾ ಚೊಕ್ಕ. ನಟ್ಟನಡುವೆ ಒಂದು ಹುಣಸೆಬೀಜ. ಕೈ ತಾನಾಗಿ ಹೋಯಿತು.

ಮೆಟ್ಟಿಲ ಮೇಲೆ ಇಬ್ಬರೂ ಬೆನ್ನು ತಿರುಗಿಸಿ ಕೂತಿದ್ದರು. ಕಿವಿ ಮಾತ್ರ ನನ್ನ ಕಡೆ.

ಕೈ ಹಿಂದಕ್ಕೆ ಕಟ್ಟಿಕೊಂಡು ನಾನು ಒಳಗೆ ನಡೆದೆ, ಹುಣಸೆಬೀಜ ಅಲ್ಲೇ ಇತ್ತು.