ಸೋಮವಾರ ನಿಮ್ಮದಾದ ಮೇಲೆ

ಅಣ್ಣನವರಿಗೆ,

ವಂದನೆಗಳು. ‘ಪ್ರಿಯ’ ಎಂಬ ಪದವನ್ನು ಬಿಟ್ಟಿದ್ದೇನೆ, ಮರೆತು ಅಲ್ಲ. ಗುರುವಾರ ಮಧ್ಯಾಹ್ನ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ನಾನು ಇರುವುದೇ ಹಾಗೆ. ಎದುರಿಗಿದ್ದವರಿಗೆ ಹೇಳಬೇಕಾದದ್ದು ಅವರು ಹೋದ ಮೇಲೆ, ಪಾತ್ರೆ ತೊಳೆಯುವಾಗ, ಒಳ್ಳೊಳ್ಳೆಯ ವಾಕ್ಯಗಳಾಗಿ ಹೊಳೆಯುತ್ತದೆ. ಸಾಹಿತ್ಯ ಓದಿ ಪದವಿ ಪಡೆದದ್ದಕ್ಕೆ ಪ್ರಯೋಜನವೇನು ಎಂದು ಅಪ್ಪ ಈಗಲೂ ಕೇಳುತ್ತಾರೆ. ಇಷ್ಟೇ, ಆ ವಾಕ್ಯಗಳನ್ನು ಆಮೇಲಾದರೂ ಬರೆಯಲು ಬರುತ್ತದೆ.

ನೀವು ಅಂದದ್ದು ಹೀಗೆ: “ತಂಗಿ, ನಿನ್ನ ಗಂಡ ಅವತ್ತು ನಮ್ಮನೇಲಿ ಯಾಕೆ ಅತ್ತ ಅಂತ ನಿನಗೆ ಹೇಳಿಲ್ಲ ಅಂತ ಗೊತ್ತಾಯ್ತು. ಸೋಮವಾರದ ಮಾತು ಹೊರಗೆ ಹೋಗಬಾರದು ಅಂತ ನಾವೇ ಮಾಡ್ಕೊಂಡಿರೋ ಕಟ್ಟು. ಆದ್ರೆ ನೀನು ಹೊರಗಿನವಳಾ? ಕೇಳಿದ್ರೆ ಹೇಳ್ತೀನಿ.”

ಒಳಗೆ ಮಗಳು ಎದ್ದು ರಾಗ ತೆಗೆದಿದ್ದಳು. ನಾನು ಚಹಾ ಕುಡಿಯುತ್ತೀರಾ ಎಂದೆ. ಬೇಡಮ್ಮ, ಯೋಚನೆ ಮಾಡಿ ಹೇಳು ಎಂದು ನೀವು ಸ್ಕೂಟರ್ ಹತ್ತಿದಿರಿ.

ಯೋಚನೆ ಮಾಡಿದೆ. ಆದರೆ ಉತ್ತರಕ್ಕೆ ಮೊದಲು ಒಂದು ವಿಷಯ ಹೇಳಿಬಿಡಬೇಕು. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಅಸೂಯೆ, ಮತ್ಸರ ಎಂದೆಲ್ಲ ಬರೆದು ಹೊಡೆದು ಹಾಕಿದೆ. ಅವು ಇಸ್ತ್ರಿ ಮಾಡಿ ಮಡಿಸಿಟ್ಟ ಪದಗಳು. ಇದು ಊಟಕ್ಕೆ ಕೂತರೆ ಊಟ ಸೇರದ, ಮಲಗಿದರೆ ಮಗ್ಗುಲಲ್ಲೇ ಮಲಗುವ ಪದಾರ್ಥ. ಇನ್ನೊಬ್ಬ ಹೆಂಗಸಿನ ಮೇಲೆ ಆಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದರೆ ಮುಂದಿನ ಬಸ್ಸಿಗೇ ಬಂದಿಳಿಯುತ್ತಿದ್ದಳು. ಗಡ್ಡ ಬಿಟ್ಟ, ಇಬ್ಬರು ಮಕ್ಕಳ ತಂದೆಯಾದ, ಹೋದಲ್ಲೆಲ್ಲ ಒಳ್ಳೆಯವರೆನಿಸಿಕೊಂಡ ಒಬ್ಬ ಪಾಸ್ಟರ್ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರು ನಂಬುತ್ತಾರೆ? ನಿನಗೆ ನಿದ್ದೆ ಸಾಲ್ತಿಲ್ಲ ಕಣೇ ಅನ್ನುತ್ತಾಳೆ ಅಮ್ಮ.

ಪಾಸ್ಟರ್ ಮನೆಯಲ್ಲಿ ವಾರ ಹೇಗೆ ಓಡುತ್ತದೆಂದು ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ಅಡುಗೆಮನೆಯ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಭಾನುವಾರ ಇವರು ಎಲ್ಲರವರು. ಆಮೇಲೆ ಆಸ್ಪತ್ರೆಯಲ್ಲಿ ಮಲಗಿದವರು, ಕಮಿಟಿಯವರು, ಮನೆಮನೆಯ ಪ್ರಾರ್ಥನೆ, ಯಾರದೋ ಮಗನ ಕೆಲಸ, ಯಾರದೋ ಕಾಂಪೌಂಡ್ ಗೋಡೆಯ ಜಗಳ. ತುತ್ತು ಬಾಯಿಗಿಡುವಾಗ ಫೋನ್ ಹೊಡೆದುಕೊಳ್ಳದ ದಿನ ಸೋಮವಾರ ಒಂದೇ. ಮದುವೆಯಾದ ಹೊಸದರಲ್ಲಿ ಇವರೇ ಅಂದಿದ್ದರು, “ಸೋಮವಾರ ನಾನು ಪಾಸ್ಟರ್ ಅಲ್ಲ, ನಿನ್ನ ಗಂಡ ಅಷ್ಟೆ. ಏನು ಕೆಲಸ ಬೇಕಾದ್ರೂ ಹೇಳು.” ನಾನು ನಾಚಿಕೆಯಿಲ್ಲದೆ ಹೇಳುತ್ತಿದ್ದೆ. ಸ್ಟೂಲ್ ಹತ್ತಿ ಫ್ಯಾನ್ ಒರೆಸುತ್ತಿದ್ದರು, ದಿಂಬಿನ ಕವರುಗಳನ್ನು ತಿರುಗುಮುರುಗು ಹಾಕುತ್ತಿದ್ದರು. ಸಂಜೆ ಮಾರುಕಟ್ಟೆಗೆ ಹೋಗಿ, ಎಲ್ಲ ಅಂಗಡಿಯಲ್ಲೂ ಬೆಲೆ ಕೇಳಿ, ಏನೂ ಕೊಳ್ಳದೆ ನಗುತ್ತಾ ಬರುತ್ತಿದ್ದೆವು.

ಆಮೇಲೆ ನೀವು ಬಂದಿರಿ. ರೈಲ್ವೆ ಗೇಟಿನ ಆಚೆಯ ದೊಡ್ಡ ಚರ್ಚ್ ಸಭೆಯ ಪಾಸ್ಟರ್, ಇವರಿಗಿಂತ ಹತ್ತು ವರ್ಷ ಹಿರಿಯರು. ಹೊಸಬರು ಒಂಟಿಯಾಗಿ ಒದ್ದಾಡಬಾರದು, ಒಬ್ಬರ ತಪ್ಪಿನಿಂದ ಇನ್ನೊಬ್ಬರು ಕಲಿಯಬೇಕು ಎಂದು ಇವರನ್ನೂ, ಪಕ್ಕದ ಊರಿನ ಆ ಗಿಟಾರ್ ಪಾಸ್ಟರನ್ನೂ ಕರೆದು ವಾರಕ್ಕೊಮ್ಮೆ ನಿಮ್ಮ ಮನೆಯಲ್ಲಿ ಕೂರೋಣ ಅಂದಿರಿ. ಮೂವರಿಗೂ ಬಿಡುವಿದ್ದ ದಿನ ಯಾವುದು? ಇವರು ನನ್ನನ್ನು ಕೇಳದೆ ಒಪ್ಪಿಕೊಳ್ಳಲಿಲ್ಲ, ಅದನ್ನು ಹೇಳಬೇಕು. ಎರಡು ಗಂಟೆ ಅಷ್ಟೆ ಅಂದರು. ಮಗಳು ಹೊಟ್ಟೆಯಲ್ಲಿದ್ದಳು, ಎಲ್ಲದಕ್ಕೂ ಆಗಲಿ ಅನ್ನುವ ಕಾಲ. ಹೋಗಿ ಬನ್ನಿ ಎಂದೆ. ಆ ಎರಡು ಗಂಟೆ ಬೆಳೆದು ಮಧ್ಯಾಹ್ನದ ಊಟವಾಯಿತು. ಊಟ ಬೆಳೆದು ಸಂಜೆಯಾಯಿತು.

ಅದರಿಂದ ಒಳ್ಳೆಯದಾಗದೇ ಹೋಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯದೇ ಆಯಿತು, ಅದೇ ಕಷ್ಟ. ನಮ್ಮ ಸಭೆಯ ಬೆಂಚುಗಳ ಗಲಾಟೆ ನಿಮಗೆ ಗೊತ್ತು. ಹಳೆಯ ಬೆಂಚು ತೆಗೆದು ಪ್ಲಾಸ್ಟಿಕ್ ಕುರ್ಚಿ ಹಾಕಬೇಕೆಂದು ಖಜಾಂಚಿಯವರು. ಹಾಕುವುದಾದರೆ ನನ್ನ ಹೆಣ ದಾಟಿಕೊಂಡು ಹಾಕಿ ಎಂದು ನಿವೃತ್ತ ಟೀಚರಮ್ಮ. ಮುಂಚೆಯಾಗಿದ್ದರೆ ಇವರು ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡು ತಲೆನೋವು ಹೊತ್ತು ಬರುತ್ತಿದ್ದರು. ಈ ಸಲ ಎಲ್ಲರೂ ಮಾತಾಡಿ ಸುಸ್ತಾಗುವವರೆಗೆ ಸುಮ್ಮನಿದ್ದು, ಆಮೇಲೆ ಒಂದೇ ಪ್ರಶ್ನೆ ಕೇಳಿದರಂತೆ: “ಮೊಣಕಾಲು ನೋವಿರೋರಿಗೆ ಯಾವುದು ವಾಸಿ?” ಖಜಾಂಚಿಗೂ ಮೊಣಕಾಲು ನೋವು, ಟೀಚರಮ್ಮನಿಗೂ. ಮುಂದಿನ ಎರಡು ಸಾಲು ಕುರ್ಚಿಯಾಯಿತು, ಉಳಿದದ್ದು ಬೆಂಚಾಗಿಯೇ ಉಳಿಯಿತು. ಈಗ ಅವರಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುತ್ತಾರೆ, ಬೇರೆ ಬೇರೆ ಶ್ರುತಿಯಲ್ಲಿ. ಕಾಯೋದನ್ನ ಅಣ್ಣ ಕಲಿಸಿದ್ರು ಎಂದು ಇವರು ಹೇಳುವಾಗ ಮುಖದಲ್ಲಿ ಬೆಳಕಿತ್ತು. ನನಗೆ ಖುಷಿಯಾಯಿತು. ಉರಿಯೂ ಆಯಿತು. ಎರಡೂ ಒಟ್ಟಿಗೆ ಆಗುತ್ತವೆಂದು ನನಗೆ ಗೊತ್ತಿರಲಿಲ್ಲ.

ನೀವು ಬರುವ ಮೊದಲು, ಚರ್ಚಿನಲ್ಲಿ ಭಾನುವಾರ ಇವರು ಮಾಡುವ ಪ್ರಸಂಗವನ್ನು ಮೊದಲು ಕೇಳುತ್ತಿದ್ದವಳು ನಾನು. ಶನಿವಾರ ಮಧ್ಯಾಹ್ನ ನಾನು ಇವರ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರೆ ಇವರು ಕಿಟಕಿಗೆ ಒರಗಿ ಓದುತ್ತಿದ್ದರು. ಮಾತು ಉಬ್ಬಿದಲ್ಲಿ ನಾನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸುತ್ತಿದ್ದೆ. ಅಷ್ಟಕ್ಕೇ ಇವರಿಗೆ ತಿಳಿಯುತ್ತಿತ್ತು. ಈಗ ಓದುವುದಿಲ್ಲ. ಸೋಮವಾರವೇ ನಿಮ್ಮ ಮುಂದೆ ಓದಿ, ನಿಮ್ಮಿಬ್ಬರ ಕತ್ತರಿಗೆ ಸಿಕ್ಕಿ, ಪ್ರಸಂಗ ಸಿದ್ಧವಾಗಿರುತ್ತದೆ. ನನಗೂ ಓದಿ ಎಂದು ಒಮ್ಮೆ ಕೇಳಿದೆ. ಭಾನುವಾರ ನಿನಗೂ ಹೊಸದಾಗಿರಲಿ ಅಂತ, ಎಂದರು, ಉಡುಗೊರೆ ಕೊಡುವವರ ಹಾಗೆ. ಹೀಗಾಗಿ ನಾನೂ ಮೂರನೆಯ ಸಾಲಿನಲ್ಲಿ ಮಗಳನ್ನು ತೊಡೆಯ ಮೇಲೆ ಕುಣಿಸುತ್ತಾ, ಎಲ್ಲರ ಜೊತೆ, ಎಲ್ಲರ ಹಾಗೆ ಕೇಳುತ್ತೇನೆ.

ಇನ್ನೊಂದಿದೆ. ಮಗಳು ಹುಟ್ಟುವುದಕ್ಕೆ ಮೊದಲು, ಒಂದು ಸಾವಿನ ಮನೆಯಿಂದ ಬರುವಾಗ ನಾನು ಇವರಿಗೆ ಹೇಳಿದ್ದೆ, ಅಳುವವರ ಮುಂದೆ ವಿಶೇಷಣ ಕಡಿಮೆ ಮಾಡಿ ಎಂದು. ಹೂಂ ಅಂದಿದ್ದರು. ಎಷ್ಟೋ ತಿಂಗಳಾದ ಮೇಲೆ ಒಂದು ಸೋಮವಾರ ನಿಮ್ಮಲ್ಲಿಂದ ಬಂದವರು ಚಪ್ಪಲಿ ಬಿಡುವ ಮೊದಲೇ, “ಅಣ್ಣ ಎಂಥಾ ಮಾತು ಹೇಳಿದ್ರು ಗೊತ್ತಾ? ಸಾವಿನ ಮನೆಯಲ್ಲಿ ಮಾತು ಬಡವಾಗಿರಬೇಕಂತೆ,” ಅಂದರು. ಹೌದಾ, ಚೆನ್ನಾಗಿದೆ ಎಂದು ನಾನು ಒಳಗೆ ಹೋಗಿ ಸೌಟನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ. ಇವರು ಮರೆತದ್ದಕ್ಕೆ ಅಷ್ಟು ನೋವಾಗಲಿಲ್ಲ. ನಿಮ್ಮ ವಾಕ್ಯ ನನ್ನದಕ್ಕಿಂತ ಚೆನ್ನಾಗಿತ್ತು, ಅದಕ್ಕೆ ನೋವಾಯಿತು.

ನಿಮ್ಮ ಮನೆಗೆ ಸುಣ್ಣಬಣ್ಣ ಆಗುತ್ತಿದ್ದಾಗ ಒಂದು ಸೋಮವಾರ ನಮ್ಮಲ್ಲಿ ಸೇರಿದಿರಿ, ನೆನಪಿದೆಯೇ? ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಇವರಿಗೆ ಪ್ರಸಂಗದ ದನಿ ಒಂದು, ಫೋನಿನ ದನಿ ಒಂದು, ಮನೆಯ ದನಿ ಒಂದು. ಮೂರೂ ನನಗೆ ಬಾಯಿಪಾಠ. ಅವತ್ತು ಗೋಡೆಯಾಚೆಯಿಂದ ಬಂದದ್ದು ನಾಲ್ಕನೆಯದು. ತಗ್ಗಿದ, ಅವಸರವಿಲ್ಲದ, ಅಲ್ಲಲ್ಲಿ ಎಡವುವ ದನಿ. ಮೊದಲಿಗೆ ಗಿಟಾರ್ ಪಾಸ್ಟರ್ ಅಂದುಕೊಂಡೆ. ಇವರೇ ಎಂದು ಗೊತ್ತಾದಾಗ ಚಹಾ ಲೋಟದಿಂದ ಹೊರಗೆ ಹರಿಯುತ್ತಿತ್ತು. ತಟ್ಟೆ ಹಿಡಿದು ಒಳಗೆ ಬಂದೆ, ಮಾತು ನಿಂತಿತು. “ಅಕ್ಕ, ಚಹಾ ಸೂಪರ್,” ಅಂದರು ಗಿಟಾರ್ ಪಾಸ್ಟರ್, ಇನ್ನೂ ಕುಡಿಯದೆ. ಇವರು ಸೆಕೆ ಜಾಸ್ತಿ ಅಲ್ವಾ ಎಂದು ಮನೆಯ ದನಿಯಲ್ಲಿ ಕೇಳಿದರು. ಅದೇ ಸಂಜೆ, ಯಾರನ್ನು ಕಂಡರೂ ಕಿರುಚುವ ನನ್ನ ಮಗಳು ನಿಮ್ಮ ಗಡ್ಡ ಹಿಡಿದು ನಕ್ಕಳು. ಅವಳನ್ನೂ ತೆಗೆದುಕೊಂಡು ಹೋಗಿ ಅನ್ನಬೇಕೆನಿಸಿತು.

ಇದನ್ನೆಲ್ಲ ನುಂಗಿಕೊಂಡಿದ್ದೆ. ಆದರೆ ಕಳೆದ ವಾರ ಎರಡೂ ಸಭೆಯವರು ಸೇರಿ ಹಾಡು ಅಭ್ಯಾಸ ಮಾಡಿದೆವಲ್ಲ, ಅದು ಮುಗಿದ ಮೇಲೆ ಅತ್ತಿಗೆ ನನ್ನ ಪಕ್ಕ ಕೂತು ಮಗಳ ಕಾಲುಚೀಲ ಸರಿಮಾಡುತ್ತಾ ಕೇಳಿದರು, “ಈಗ ಹೇಗಿದ್ದಾರಮ್ಮ? ಪಾಪ, ಮೊನ್ನೆ ಸೋಮವಾರ ಅತ್ತೂ ಅತ್ತೂ ಊಟಾನೂ ಮಾಡ್ಲಿಲ್ಲ.”

ಪರವಾಗಿಲ್ಲ ಅತ್ತಿಗೆ ಎಂದೆ. ಎಲ್ಲ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ. ಆದರೆ ಅತ್ತಿಗೆ ನನ್ನ ಮುಖ ನೋಡಿಬಿಟ್ಟರು. ನಿಮ್ಮನ್ನು ಗುರುವಾರ ಕಳಿಸಿದ್ದು ಆ ನೋಟವೇ ಇರಬೇಕು.

ಅಣ್ಣಾ, ನಾನು ಇವರ ಕಣ್ಣಲ್ಲಿ ನೀರು ನೋಡಿಲ್ಲ. ಮಗಳು ಹುಟ್ಟಿದಾಗಲೂ ಇಲ್ಲ, ಇವರ ತಂದೆ ತೀರಿಕೊಂಡಾಗಲೂ ಇಲ್ಲ. ಇವರು ಅಳುವವರ ಪೈಕಿ ಅಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ಸೋಮವಾರವನ್ನು ಮನಸ್ಸಿನಲ್ಲಿ ಎತ್ತಿ ಎತ್ತಿ ನೋಡುತ್ತೇನೆ. ಇವರು ಬಂದರು, ಮಗಳನ್ನು ಎತ್ತಿಕೊಂಡರು. ಶರ್ಟಿನ ಕಾಲರ್ ಒದ್ದೆಯಾಗಿತ್ತು. ಎಲ್ಲೋ ಮುಖ ತೊಳೆದುಕೊಂಡು ಬಂದಿದ್ದರು. ಮಗುವಿಗೆ ಶೀತ ಆಗುತ್ತೆ, ಶರ್ಟ್ ಬದಲಾಯಿಸಬಾರದಾ ಎಂದು ನಾನು ರೇಗಿದೆ. ಬದಲಾಯಿಸಿಕೊಂಡು ಬಂದರು, ಎರಡು ಸಲ ಊಟ ಬಡಿಸಿಕೊಂಡರು. ಹಸಿವು ಎಂದು ನಾನು ಹೆಮ್ಮೆಪಟ್ಟೆ.

ಕಾರಣಗಳನ್ನು ನಾನೇ ಹುಟ್ಟಿಸಿಕೊಂಡು ನೋಡಿದ್ದೇನೆ. ಆ ವಾರ ಇವರು ಹಸುಗೂಸೊಂದನ್ನು ಮಣ್ಣು ಮಾಡಿ ಬಂದಿದ್ದರು. ಕಮಿಟಿಯಲ್ಲಿ ಯಾರೋ, ನಿಮಗೆ ಇನ್ನೂ ಮೀಸೆ ಬಲಿತಿಲ್ಲ ಎಂದು ನಗಾಡಿದ್ದರು. ಈ ಕೆಲಸವೇ ಬೇಡ ಅನಿಸಿರಬಹುದು. ಅಥವಾ ನಾನೇ ಇರಬಹುದು. ಮನೆಯಲ್ಲಿ ಉಸಿರು ಕಟ್ಟುತ್ತದೆ ಅಂದಿರಬಹುದು, ಅವಳು ಬಾಯಿ ಬಿಡುವುದಿಲ್ಲ ಅಂದಿರಬಹುದು. ಹಾಗಿದ್ದರೆ ನನ್ನ ವಿಷಯವೂ ನನಗಿಂತ ನಿಮಗೆ ಚೆನ್ನಾಗಿ ಗೊತ್ತು ಎಂದಾಯಿತು. ಈ ಯೋಚನೆ ಬಂದಾಗ ಮಗಳ ಬಟ್ಟೆ ಒಣಹಾಕುತ್ತಿದ್ದೆ. ಕೈಯಲ್ಲಿದ್ದ ಕ್ಲಿಪ್ಪು ಮುರಿಯಿತು.

ಈಗ ನನ್ನ ಉತ್ತರ. ಹೇಳಬೇಡಿ.

ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ನಿಮ್ಮ ಪ್ರಶ್ನೆ ಕೇಳಿದ ಕೂಡಲೇ ನನಗೆ ಹೊಳೆದದ್ದೇ ಬೇರೆ. ನೀವು ನನಗೆ ಹೇಳಿದರೆ, ಅದು ಎಂದಾದರೂ ಇವರಿಗೆ ತಿಳಿದರೆ, ಇವರು ಮತ್ತೆ ನಿಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ. ನಾನು ಒಂದು ಮಾತೂ ಆಡದೆ ಸೋಮವಾರ ನನ್ನದಾಗುತ್ತದೆ. ಎರಡು ದಿನ ಆ ಆಸೆಯನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಕೊನೆಗೆ ಹೆದರಿಕೆಯಾಯಿತು. ನನ್ನ ಗಂಡನಿಗೆ ಅಳಲು ಈ ಊರಲ್ಲಿ ಒಂದೇ ಒಂದು ಕೋಣೆ ಇದೆ, ಅದು ನಮ್ಮ ಮನೆಯಲ್ಲಿ ಇಲ್ಲ. ನನ್ನ ಸೋಮವಾರಕ್ಕಾಗಿ ಅದನ್ನೂ ಕೆಡವಿಸಿದರೆ ಇವರು ಎಲ್ಲಿ ಹೋಗಬೇಕು?

ಇನ್ನೂ ಒಂದು ಕಾರಣವಿದೆ, ಅದು ಅಪ್ಪಟ ಹೊಟ್ಟೆಕಿಚ್ಚು. ನೀವು ಹೇಳಿದರೆ ಅದು ನಿಮ್ಮ ವಾಕ್ಯದಲ್ಲಿ ಬರುತ್ತದೆ. ಇವರ ಅಳುವನ್ನೂ ನಿಮ್ಮ ಚೆಂದದ ವಾಕ್ಯದಲ್ಲಿ ಕೇಳಿಸಿಕೊಳ್ಳಲಾರೆ. ನನಗೆ ಅದು ಇವರ ಬಾಯಿಂದಲೇ ಬೇಕು. ತೊದಲಿದರೂ ಸರಿ, ತಡವಾದರೂ ಸರಿ, ಮಗಳ ಮದುವೆಯ ದಿನ ಹೇಳಿದರೂ ಸರಿ.

ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂರುವಷ್ಟು ಒಳ್ಳೆಯವಳಲ್ಲ ನಾನು. ಆದ್ದರಿಂದ ಒಂದು ಕೇಳಿಕೆ. ಬರುವ ಸೋಮವಾರ ನೀವು ಮನೆಯಲ್ಲಿ ಇರಬೇಡಿ. ಜ್ವರ ಎಂದು ಸುಳ್ಳು ಹೇಳಿ ಎಂದು ಪಾಸ್ಟರನ್ನು ಕೇಳುವಂತಿಲ್ಲ, ಹಾಗಾಗಿ ನಿಜವಾಗಿಯೇ ಹೊರಟುಬಿಡಿ. ಅತ್ತಿಗೆಯನ್ನು ಕರೆದುಕೊಂಡು ಎಲ್ಲಾದರೂ ಹೋಗಿ. ವಾರವಾರ ಮೂವರು ಗಂಡಸರಿಗೆ ಬಡಿಸಿ, ಬಾಗಿಲೆಳೆದುಕೊಂಡು ಆಚೆ ಹೋಗಿ ಕೂರುವವರು ಅವರು. ಅವರಿಗೂ ಒಂದು ಸೋಮವಾರ ಇತ್ತೋ ಏನೋ, ನೀವೇ ಕೇಳಿ ನೋಡಿ. ಇವರಿಗೆ ಮಾತ್ರ ಮೊದಲೇ ತಿಳಿಸಬೇಡಿ. ತಿಳಿಸಿದರೆ ಆ ದಿನಕ್ಕೆ ಆಸ್ಪತ್ರೆಯ ಭೇಟಿ ಇಟ್ಟುಕೊಂಡುಬಿಡುತ್ತಾರೆ. ಗಿಟಾರ್ ಪಾಸ್ಟರನ್ನು ನೀವೇ ಹೇಗಾದರೂ ತಡೆಯಿರಿ. ಇವರು ಬಂದು ಬೀಗ ನೋಡಲಿ. ಫೋನ್ ಮಾಡುತ್ತಾರೆ, ತೆಗೆಯಬೇಡಿ. ಸ್ವಲ್ಪ ಹೊತ್ತು ಗೇಟಿನ ಹತ್ತಿರ ನಿಂತು, ಬೇರೆಲ್ಲೂ ಹೋಗಲು ತೋಚದೆ ಮನೆಗೆ ಬರುತ್ತಾರೆ.

ನಾನು ಏನನ್ನೂ ಕೇಳುವುದಿಲ್ಲ. ಮಗಳನ್ನು ತೊಡೆಗೆ ಹಾಕಿ ಎದುರಿಗೆ ಕೂರುತ್ತೇನೆ, ಅಷ್ಟೆ. ಮಾತು ಬಂದರೆ ಬರಲಿ. ಬರದಿದ್ದರೆ ಮತ್ತೊಂದು ಪತ್ರ ಬರೆಯುತ್ತೇನೆ, ನೀವು ಮತ್ತೊಮ್ಮೆ ಊರು ಬಿಡಬೇಕಾಗುತ್ತದೆ.

ನಿಮ್ಮಿಬ್ಬರ ಪ್ರಯಾಣ ಸುಖವಾಗಿರಲಿ. ದೇವರು ನಿಮ್ಮನ್ನು ದಾರಿಯುದ್ದಕ್ಕೂ ಕಾಯಲಿ, ಮತ್ತು ಅಂದು ಕತ್ತಲಾಗುವವರೆಗೆ ಮನೆಗೆ ಬರಗೊಡದಿರಲಿ.

ಹೊಟ್ಟೆಕಿಚ್ಚಿನಿಂದಲೂ ಗೌರವದಿಂದಲೂ,
ನಿಮ್ಮ ತಂಗಿ